ಎರಡಡಿ ಗೇಜಿನ ಹಬೆ ಎಂಜಿನ್ನಿಗೆ ಶಿವಮೊಗ್ಗದ ಲೇತ್ ಅಂಗಡಿ: ಏನು ಕೊಡಬಹುದು, ಏನು ಕೊಡಬಾರದು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಯ ಈ ಲೇತ್ ಅಂಗಡಿಗೆ ದಿನಾ ಬರುವ ಕೆಲಸವೆಂದರೆ ಟಿಲ್ಲರ್ ಶಾಫ್ಟು, ಅಡಿಕೆ ಸುಲಿಯುವ ಯಂತ್ರದ ರೋಲರು, ಲಾರಿಯ ಹಬ್ಬು, ಅಕ್ಕಿ ಗಿರಣಿಯ ಪುಲ್ಲಿ. ಅಂಥ ಕಡೆಗೆ ನ್ಯಾರೋ ಗೇಜ್, ಅಂದರೆ ಹಳಿಗಳ ನಡುವೆ ಎರಡೇ ಅಡಿ ಅಂತರವಿರುವ ಪುಟ್ಟ ರೈಲಿನ ಹಬೆ ಎಂಜಿನ್ನಿನ ಭಾಗಗಳನ್ನು ಒಯ್ದರೆ ಕೆಲಸ ಹೇಗೆ ಬರುತ್ತದೆ? ಹಳೆಯ ಸಣ್ಣ ಎಂಜಿನ್ನನ್ನು ಬಿಚ್ಚಿ ಮತ್ತೆ ಓಡುವ ಸ್ಥಿತಿಗೆ ತರಬೇಕೆಂದಿರುವ ಸ್ವಯಂಸೇವಕರಿಗೆ ಉಪಯೋಗವಾಗಲೆಂದು ಈ ವಿಮರ್ಶೆ. ಅಂಗಡಿಯ ಹೆಸರು ಹಾಕಿಲ್ಲ. ಇಲ್ಲಿ ಬರೆದ ಗುಣವೂ ದೋಷವೂ ಜಿಲ್ಲೆಯ ಹತ್ತಾರು ಅಂಗಡಿಗಳಿಗೆ ಹೊಂದುವಂಥದ್ದು.

ಮೊದಲೇ ಹೇಳಿಬಿಡುವ ಮಾತು: ಅಲ್ಲಿ ಕೈಕೆಲಸ ಇದೆ, ಒಳ್ಳೆಯದೇ ಇದೆ. ಆದರೆ ರೈಲಿನ ಅಳತೆ ಅಲ್ಲಿಲ್ಲ. ಯಾವ ಲೋಹ, ಎಷ್ಟು ಸಡಿಲ, ಯಾವ ಮೂಲೆ ದುಂಡಗಿರಬೇಕು, ಯಾವ ತಿರುಪು ಎಷ್ಟು ಹಲ್ಲು, ಇಷ್ಟನ್ನೂ ಕಾಗದದ ಮೇಲೆ ಬರೆದು ಒಯ್ದವರಿಗೆ ಐದಕ್ಕೆ ನಾಲ್ಕು ಅಂಕದ ಕೆಲಸ ಸಿಗುತ್ತದೆ. ಹಳೇ ಪಾರ್ಟನ್ನು ಮೇಜಿನ ಮೇಲಿಟ್ಟು "ಇದೇ ಥರ ಒಂದು ಮಾಡ್ಕೊಡಿ" ಅಂದವರಿಗೆ ಎರಡು ಅಂಕವೂ ಕಷ್ಟ. ಹಳೇ ಪಾರ್ಟು ಸವೆದಿರುತ್ತದೆ. ಅದನ್ನೇ ನೋಡಿ ಮಾಡಿದರೆ ಹೊಚ್ಚ ಹೊಸ ಸವೆದ ಪಾರ್ಟು ಕೈಗೆ ಬರುತ್ತದೆ.

ಬೇರೆ ಕಡೆಯ ಪರಂಪರೆಯ ರೈಲುಗಳಿಗೆ ಈ ತಾಪತ್ರಯ ಕಡಿಮೆ. ವೇಲ್ಸಿನ ಫೆಸ್ಟಿನಿಯೋಗ್ ರೈಲ್ವೆಗೆ ಬಾಸ್ಟನ್ ಲಾಡ್ಜ್ ಎಂಬ ಸ್ವಂತ ಕಾರ್ಖಾನೆ ಇದೆ. 1881ರಿಂದ ಎರಡಡಿ ಗೇಜಿನಲ್ಲಿ ಓಡುತ್ತಿರುವ ಡಾರ್ಜಿಲಿಂಗ್ ರೈಲಿಗೆ ತಿಂಧಾರಿಯಾ ವರ್ಕ್‌ಶಾಪ್ ಇದೆ. 1951ರಲ್ಲಿ ವೇಲ್ಸಿನ ಟಾಲಿಲಿನ್ ರೈಲನ್ನು ಸ್ವಯಂಸೇವಕರು ಕೈಗೆತ್ತಿಕೊಂಡು, ಜಗತ್ತಿನಲ್ಲಿ ಮೊದಲ ಬಾರಿಗೆ ಇಂಥದ್ದೂ ಸಾಧ್ಯ ಎಂದು ತೋರಿಸಿದರು. ನಮ್ಮ ಮಲೆನಾಡಿನಲ್ಲೂ ಎರಡಡಿ ಗೇಜು ಇತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ರೈಲು ಓಡುತ್ತಿತ್ತು. 1923ರಲ್ಲಿ ಇದ್ದಿಲಿನ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನಿಂದ ಸೌದೆ ತರಲು ಟ್ರಾಮ್‌ವೇ ಇತ್ತು. ಹಳಿಗಳು ಹೋದವು, ಅವುಗಳ ವರ್ಕ್‌ಶಾಪೂ ಹೋಯಿತು. ಟರ್ನರು, ಫಿಟ್ಟರು, ಎರಕದವರು ಮಾತ್ರ ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಒಂದೇ ಸೂರಿನಡಿ ಆಗಬೇಕಾದ ಕೆಲಸವನ್ನು ಹಂಚಿ ಮಾಡಿಸಬೇಕು, ಅಷ್ಟೇ.

ಅಂಗಡಿಗೆ ಕೊಟ್ಟ ಕೆಲಸ ಇಷ್ಟು: ಆ್ಯಕ್ಸಲ್ ಬಾಕ್ಸಿನ ನಾಲ್ಕು ಗನ್‌ಮೆಟಲ್ ಬೇರಿಂಗ್ ಎರಕ ಹೊಯ್ದು ಬೋರ್ ಮಾಡುವುದು (ಒಳಮೈಯನ್ನು ಅಳತೆಗೆ ದುಂಡಗೆ ಕೊರೆಯುವುದು), ಎರಡು ಆ್ಯಕ್ಸಲ್‌ಗಳ ಜರ್ನಲ್, ಅಂದರೆ ಬೇರಿಂಗಿನೊಳಗೆ ತಿರುಗುವ ಭಾಗ, ನುಣುಪು ಮಾಡುವುದು, ಪಿಸ್ಟನ್ ಸರಳಿನ ತುದಿಯನ್ನು ನೇರವಾಗಿ ಓಡಿಸುವ ಕ್ರಾಸ್‌ಹೆಡ್ಡಿನ ಸ್ಲಿಪ್ಪರಿಗೆ (ಜಾರುವ ತುಂಡಿಗೆ) ವೈಟ್ ಮೆಟಲ್ ಎಂಬ ತವರದ ಮೆದು ಮಿಶ್ರಲೋಹ ತುಂಬುವುದು, ಪಿಸ್ಟನ್ ರಿಂಗು, ಸಿಲಿಂಡರಿಗೆ ಹಬೆ ಬಿಡುವ ಸ್ಲೈಡ್ ವಾಲ್ವಿನ ಮುಖ ಕೆರೆಯುವುದು, ಸ್ಟಡ್ಡುಗಳು (ಎರಡೂ ತುದಿಗೆ ತಿರುಪಿರುವ ಸರಳು), ಕೊನೆಗೆ ಗಾಲಿಯ ಟೈರನ್ನು, ಅಂದರೆ ಸುತ್ತಿನ ಉಕ್ಕಿನ ಬಳೆಯನ್ನು ಲೇತಿನಲ್ಲಿ ತಿರುವುವುದು. ಎಂಜಿನ್ನು 7 ಇಂಚು, ಅಂದರೆ 178 ಮಿ.ಮೀ. ಬೋರಿನ (ಒಳವ್ಯಾಸದ) ಎರಡು ಸಿಲಿಂಡರಿನದು.

ಎರಕದಿಂದ ಶುರು ಮಾಡೋಣ, ಯಾಕೆಂದರೆ ತಪ್ಪು ಹೆಚ್ಚಾಗುವುದು ಅಲ್ಲೇ.

ಲೇತ್ ಅಂಗಡಿಯ ಹಿಂದೆ ಎರಕದ ಶೆಡ್ಡು ಇದೆ. ಸಣ್ಣ ಮೂಸೆ, ಹಸಿ ಮರಳು, ಫ್ಯಾನಿನ ಗಾಳಿ. ಮರದ ಮಾದರಿಯನ್ನು ನಾವೇ ಒಯ್ಯಬೇಕು, ಅವರು ಮಾಡುವುದಿಲ್ಲ. ಅದೇ ಒಳ್ಳೆಯದು. ಚೆನ್ನಾಗಿ ಒಣಗಿದ ತೇಗವೋ ಹಲಸೋ ಆದರೆ ಸಾಕು, ಮೇಲೆ ಎರಡು ಮೂರು ಕೋಟು ಫ್ರೆಂಚ್ ಪಾಲಿಶ್ ಬೇಕೇ ಬೇಕು. ಪಾಲಿಶ್ ಇಲ್ಲದ ಮರ ಹಸಿ ಮರಳಿನ ನೀರು ಕುಡಿದು ಉಬ್ಬುತ್ತದೆ, ಅಚ್ಚಿನಿಂದ ಎತ್ತುವಾಗ ಅಂಚು ಕಿತ್ತು ಬರುತ್ತದೆ. ಅಚ್ಚಿನಿಂದ ಸಲೀಸಾಗಿ ಬಿಡಲು ಬದಿಗಳಿಗೆ ಒಂದೂವರೆ ಡಿಗ್ರಿಯಷ್ಟು ಇಳಿಜಾರು ಕೊಡಿ. ಅಳತೆಯ ಲೆಕ್ಕ ಹೀಗೆ: ಬೇರಿಂಗ್ ಮುಗಿದಾಗ 160 ಮಿ.ಮೀ. ಉದ್ದ ಇರಬೇಕು ಅಂದುಕೊಳ್ಳಿ. ಎರಡೂ ತುದಿ ಕತ್ತರಿಸಲು ಮೂರು ಮೂರು ಸೇರಿಸಿದರೆ 166. ಗನ್‌ಮೆಟಲ್ ತಣಿಯುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ, ಹಾಗಾಗಿ ಮಾದರಿ 168.5 ಇರಬೇಕು. ಅದೇ ಬೀಡು ಕಬ್ಬಿಣವಾದರೆ ಕುಗ್ಗುವುದು ನೂರಕ್ಕೆ ಒಂದು, ಉಕ್ಕಾದರೆ ಎರಡು. ಗನ್‌ಮೆಟಲ್‌ಗೆ ಮಾಡಿದ ಮಾದರಿಯಲ್ಲಿ ಬೀಡು ಹೊಯ್ಯಬಹುದು, ಸ್ವಲ್ಪ ದಪ್ಪ ಬರುತ್ತದೆ ಅಷ್ಟೇ. ತಿರುಗಾಮುರುಗಾ ಮಾಡಿದರೆ ಅಳತೆ ಸಾಲುವುದಿಲ್ಲ.

ಲೋಹದ ವಿಷಯದಲ್ಲಿ ಈ ಶೆಡ್ಡನ್ನು ನಂಬಬೇಡಿ. ಮೋಸ ಅಂತಲ್ಲ, ಅವರಿಗೆ ಅದು ಮುಖ್ಯ ಅನ್ನಿಸುವುದಿಲ್ಲ. ಪಂಪಿನ ಬುಷ್ಷಿಗೆ, ದೇವಸ್ಥಾನದ ಗಂಟೆಗೆ, ನಲ್ಲಿಗೆ ಎಲ್ಲಕ್ಕೂ ಗುಜರಿಯಿಂದ ಬಂದದ್ದೇ ಮೂಸೆಗೆ ಬೀಳುತ್ತದೆ. ಅದರಲ್ಲಿ ಹಿತ್ತಾಳೆ ನಲ್ಲಿಯ ಚೂರಿರುತ್ತದೆ, ಬೆಸುಗೆಯ ಸೀಸ ಇರುತ್ತದೆ. ಆ್ಯಕ್ಸಲ್ ಬೇರಿಂಗಿಗೆ ಬೇಕಾದ ಗನ್‌ಮೆಟಲ್ ಅಂದರೆ ನೂರರಲ್ಲಿ 88 ತಾಮ್ರ, 10 ತವರ, 2 ಸತು. 20 ಕೆ.ಜಿ. ಮೂಸೆಗೆ ತಾಮ್ರ 17.6 ಕೆ.ಜಿ., ತವರ 2 ಕೆ.ಜಿ., ಸತು 400 ಗ್ರಾಂ. ಲೋಹವನ್ನು ನಾವೇ ತೂಗಿ ಒಯ್ದು, ಮುಂದೆ ನಿಂತು ಹಾಕಿಸಬೇಕು. ತಾಮ್ರ ಮೊದಲು ಕರಗಬೇಕು, ತವರ ಸತು ಕೊನೆಗೆ. ಹೊಯ್ಯುವ ಮುನ್ನ ಫಾಸ್ಫರ್ ಕಾಪರ್, ಅಂದರೆ ನೂರಕ್ಕೆ ಹದಿನೈದು ರಂಜಕ ಇರುವ ತಾಮ್ರ, 40 ಗ್ರಾಂನಷ್ಟು ಸಾಕು. ಅದು ಕರಗಿದ ಲೋಹದಲ್ಲಿ ಸೇರಿಕೊಂಡ ಆಮ್ಲಜನಕ ತೆಗೆಯುತ್ತದೆ. ಜಾಸ್ತಿ ಹಾಕಿದರೆ ಲೋಹ ನೀರಿನಂತಾಗಿ ಮರಳಿನ ಸಂದಿಗೆಲ್ಲ ಇಳಿಯುತ್ತದೆ.

ಹಿತ್ತಾಳೆ ಬೆರೆತಿದೆಯೋ ಎಂದು ನೋಡಲು ಒಂದು ಸುಲಭ ಒರೆ: ಎರಕದ ಮೂಲೆಯನ್ನು ಅರದಿಂದ ಉಜ್ಜಿ ಬಿಸಿಲಿಗೆ ಹಿಡಿಯಿರಿ. ಗನ್‌ಮೆಟಲ್ ಕೆಂಪು ಛಾಯೆಯಲ್ಲಿ ಹೊಳೆಯುತ್ತದೆ, ಹಿತ್ತಾಳೆ ಬೆರೆತಷ್ಟೂ ಹಳದಿಗೆ ತಿರುಗುತ್ತದೆ. ಇದು ಮೊದಲ ಜರಡಿ ಮಾತ್ರ. ನಿಜವಾದ ಉತ್ತರ ಬೇಕಿದ್ದರೆ ಒಂದು ಚೂರನ್ನು ಲೋಹ ಪರೀಕ್ಷೆಯ ಲ್ಯಾಬಿಗೆ ಕಳಿಸಬೇಕು, ಅದಕ್ಕೆಂದೇ ಪ್ರತಿ ಮೂಸೆಯಿಂದ ಬೆರಳು ಗಾತ್ರದ ಕಡ್ಡಿ ಒಂದನ್ನು ಬೇರೆ ಹೊಯ್ಯಿಸಿಕೊಳ್ಳಿ. ಬಾಯ್ಲರಿಗೆ ತಾಗುವ ಯಾವ ನಲ್ಲಿಗೂ ವಾಲ್ವಿಗೂ ಹಿತ್ತಾಳೆ ಕೂಡದು. ಬಿಸಿನೀರಿನಲ್ಲಿ ಸತು ಕರಗಿ ಹೋಗಿ, ಉಳಿದ ತಾಮ್ರ ಸ್ಪಂಜಿನಂತಾಗುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿಮುಟ್ಟು, ಸ್ಪ್ಯಾನರ್ ಹಾಕಿ ತಿರುಗಿಸಿದರೆ ರಸ್ಕಿನಂತೆ ಮುರಿಯುತ್ತದೆ. ಆಗ ಬಾಯ್ಲರಿನಲ್ಲಿ ಹಬೆ ಇದ್ದರೆ ಎದುರು ನಿಂತವರ ಗತಿ ಹೇಳಬೇಕಿಲ್ಲ.

ನಾಲ್ಕು ಎರಕದಲ್ಲಿ ಎರಡು ವಾಪಸಾದವು. ಒಂದರಲ್ಲಿ ತಪ್ಪು ರೈಸರಿನದು, ಅಂದರೆ ಎರಕಕ್ಕೆ ಮೇಲಿಂದ ಲೋಹ ಉಣಿಸುವ ಬಾಯಿಯದು. ಬೇರಿಂಗಿನ ನೆತ್ತಿ 30 ಮಿ.ಮೀ. ದಪ್ಪ, ಬದಿಗಳು ಅದರ ಅರ್ಧ. ದಪ್ಪ ಜಾಗ ಕೊನೆಗೆ ಗಟ್ಟಿಯಾಗುತ್ತದೆ, ಗಟ್ಟಿಯಾಗುವಾಗ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ತುಂಬಲು ದ್ರವ ಲೋಹ ಮೇಲಿಂದ ಬರಬೇಕು. ಶೆಡ್ಡಿನಲ್ಲಿ ಇಟ್ಟ ರೈಸರು ಹೆಬ್ಬೆರಳು ದಪ್ಪದ್ದು, ಬೇರಿಂಗಿಗಿಂತ ಮೊದಲು ಅದೇ ಗಟ್ಟಿಯಾಯಿತು. ನೆತ್ತಿಯೊಳಗೆ ಉಳಿದ ಟೊಳ್ಳು ಹೊರಗೆ ಕಾಣಿಸಲಿಲ್ಲ. ಬೋರ್ ಮಾಡುತ್ತ ಕೊನೆಯ ಎರಡು ಮಿಲಿಮೀಟರಿಗೆ ಬಂದಾಗ ಬಾಯಿ ಬಿಟ್ಟಿತು. ರೈಸರು ಎರಕದ ಅತಿ ದಪ್ಪ ಜಾಗಕ್ಕಿಂತ ದಪ್ಪವಿರಲಿ, ಆ ಜಾಗದ ಮೇಲೆಯೇ ಇರಲಿ. ಇನ್ನೊಂದು ಮಾತು, ಜರ್ನಲ್ ಮೇಲೆ ಕೂರುವ ಮುಖ ಅಚ್ಚಿನಲ್ಲಿ ಕೆಳಗೆ ಬರುವಂತೆ ಇಡಿಸಿ. ಕಸ, ಬೂದಿ, ಗಾಳಿಗುಳ್ಳೆ ಎಲ್ಲ ಮೇಲಕ್ಕೆ ತೇಲುತ್ತವೆ. ಕೆಳಮುಖ ಶುದ್ಧವಾಗಿ ಬರುತ್ತದೆ.

ಎರಡನೆಯದು ಕೆಟ್ಟದ್ದು ಮಳೆಯಿಂದ. ಜೂನಿನಲ್ಲಿ ಹೊಯ್ದ ಎರಕ, ಮೈತುಂಬ ಸೂಜಿಮೊನೆಯಂಥ ತೂತು. ಮಲೆನಾಡಿನ ಮಳೆಗಾಲದಲ್ಲಿ ಮರಳು ತಾನಾಗಿ ನೀರು ಹೀರುತ್ತದೆ, ಗುಜರಿಯೂ ಇದ್ದಿಲೂ ಹಸಿ, ಮೂಸೆಯೂ ತೇವ. ಸಾವಿರ ಡಿಗ್ರಿ ಮೀರಿದ ಲೋಹ ತಾಗಿದ ಕ್ಷಣ ನೀರು ಆವಿಯಾಗುತ್ತದೆ, ಅದರ ಜಲಜನಕ ಲೋಹದಲ್ಲಿ ಕರಗಿ, ತಣಿಯುವಾಗ ಗುಳ್ಳೆಯಾಗಿ ಹೊರಬರುತ್ತದೆ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಮುರಿದಾಗ ಎರಡು ತುಂಡಾಗಿ ನಿಲ್ಲಬೇಕು, ಅಂಗೈಗೆ ಒದ್ದೆ ಅಂಟಬಾರದು. ಮಳೆ ಹಿಡಿದ ಮೇಲೆ ಈ ಶೆಡ್ಡಿನಲ್ಲಿ ಆ ಹದ ಸಿಗುವುದೇ ಇಲ್ಲ. ಎರಕದ ಕೆಲಸವಿದ್ದರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಮಳೆಗಾಲಕ್ಕೆ ಲೇತು, ಕೆರೆಯುವುದು, ಕೂರಿಸುವುದು ಇರಲಿ.

ತಿಂಗಳ ಲೆಕ್ಕಕ್ಕೆ ಇನ್ನೊಂದು ಕಾರಣವೂ ಇದೆ. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಯಂತ್ರಗಳು ಸಾಲುಗಟ್ಟಿ ಬರುತ್ತವೆ, ನಾಟಿ ಹತ್ತಿರವಾದರೆ ಟಿಲ್ಲರುಗಳು. ರೈತರ ಕೆಲಸ ಒಂದು ದಿನವೂ ನಿಲ್ಲುವಂತಿಲ್ಲ, ಅದು ಮೊದಲು ಆಗಲೇಬೇಕು. ಎಂಟು ದಿನ ಅಂದದ್ದು ಐದು ವಾರ ಆಗುವುದು ಆಗಲೇ.

ಲೇತ್ ಕೆಲಸದ ಗುಣಮಟ್ಟ ಇವರಲ್ಲಿ ನಿಜಕ್ಕೂ ಮೇಲು. ಆ್ಯಕ್ಸಲ್‌ನ ಜರ್ನಲ್ 110 ಮಿ.ಮೀ. ವ್ಯಾಸದ್ದು. ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಮೈಕ್ರೋಮೀಟರ್ ಹಿಡಿದು ನೋಡಿದಾಗ ತಿರುವಿದ ಮೇಲಿನ ವ್ಯತ್ಯಾಸ ನೂರನೇ ಎರಡು ಮಿಲಿಮೀಟರಿನ ಒಳಗಿತ್ತು. ನಡುವೆ ಕರೆಂಟು ಹೋದದ್ದರಿಂದ ಒಂದು ಜರ್ನಲಿನ ಮೇಲೆ ಕೂದಲಿನಂಥ ಗೆರೆ ಬಿತ್ತು, ಉಗುರು ಎಳೆದರೆ ತಗಲುತ್ತಿತ್ತು. ಕೊನೆಯ ಸಲದ ತಿರುವಿಕೆಯನ್ನು ಕರೆಂಟು ಖಚಿತವಿರುವ ಹೊತ್ತಿಗೇ ಮಾಡಿಸಬೇಕು. ನಡುವೆ ನಿಂತರೆ ಟೂಲನ್ನು ಹಿಂದೆಗೆದು, ಕರೆಂಟು ಬಂದ ಮೇಲೆ ಮೊದಲಿಂದ ಶುರು ಮಾಡಿ ಎಂದು ಮುಂಚೆಯೇ ಹೇಳಿಡಿ. ಟೂಲು ಅಲ್ಲೇ ಕಚ್ಚಿಕೊಂಡಿರುವಾಗ ಮತ್ತೆ ಚಾಲೂ ಮಾಡಿದರೆ ಗೆರೆ ಬೀಳುವುದು ತಪ್ಪುವುದಿಲ್ಲ.

ಈ ಅಂಗಡಿಯಲ್ಲಿ ಕಂಡ ಅತಿ ಗಂಭೀರ ತಪ್ಪು ಇದೇ ಜರ್ನಲಿನ ಮೂಲೆಯಲ್ಲಿ. ಜರ್ನಲ್ ಮುಗಿದು ಆ್ಯಕ್ಸಲ್ ದಪ್ಪವಾಗುವ ಜಾಗದಲ್ಲಿ 6 ಮಿ.ಮೀ. ತ್ರಿಜ್ಯದ ದುಂಡು ಮೂಲೆ ಇತ್ತು. ಲೇತಿನ ಹುಡುಗ "ಸಾರ್, ಮೂಲೆ ಕ್ಲೀನ್ ಮಾಡಿದೀನಿ" ಎಂದು ಚೂಪು ಟೂಲಿನಿಂದ ಅದನ್ನು ಚೌಕ ಮಾಡತೊಡಗಿದ್ದ. ನೋಡಲು ಅಂದವಾಗಿತ್ತು. ಆದರೆ ಗಾಲಿ ಒಂದು ಸುತ್ತು ತಿರುಗಿದಾಗಲೆಲ್ಲ ಆ್ಯಕ್ಸಲ್ ಒಮ್ಮೆ ಒಂದು ಕಡೆ, ಒಮ್ಮೆ ಇನ್ನೊಂದು ಕಡೆ ಬಾಗುತ್ತದೆ. ಬಲವೆಲ್ಲ ಚೂಪು ಮೂಲೆಗೇ ಬಂದು ಸೇರುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ಸದ್ದಿಲ್ಲದೆ ಒಳಗೆ ಹೋಗುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೇಯ್ ಬಳಿ ಎಂಜಿನ್ನಿನ ಆ್ಯಕ್ಸಲ್ ಮುರಿದು ದೊಡ್ಡ ಸಾವುನೋವಾಯಿತು. ಮರುವರ್ಷವೇ ರಾಂಕಿನ್ ಎಂಬ ಎಂಜಿನಿಯರು ಮುರಿದ ಆ್ಯಕ್ಸಲ್‌ಗಳನ್ನು ಪರೀಕ್ಷಿಸಿ, ಮೂಲೆಗಳನ್ನು ದುಂಡಗೆ ಬಿಡಬೇಕು ಎಂದು ಬರೆದ. ಅಷ್ಟು ಹಳೆಯ ಪಾಠ ಇದು. ಟಿಲ್ಲರ್ ಶಾಫ್ಟಿನಲ್ಲಿ ಬೇರಿಂಗ್ ಒತ್ತಿ ಕೂರಲು ಮೂಲೆ ಚೌಕವಿರಲಿ ಎಂದು ಅಭ್ಯಾಸವಾದ ಕೈ, ಇಲ್ಲೂ ಹಾಗೇ ಮಾಡುತ್ತದೆ. ಆದ್ದರಿಂದ ಚಿತ್ರದ ಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ, ತಗಡಿನಲ್ಲಿ 6 ಮಿ.ಮೀ. ತ್ರಿಜ್ಯದ ಗೇಜು ಕತ್ತರಿಸಿ ಟರ್ನರ್ ಕೈಗೇ ಕೊಡಿ. ಅದೃಷ್ಟಕ್ಕೆ ಟೂಲು ಆಳಕ್ಕಿಳಿದಿರಲಿಲ್ಲ, ಮತ್ತೆ ದುಂಡು ಮಾಡಲು ಲೋಹ ಉಳಿದಿತ್ತು. ತಿರುವಿದ ಮೇಲೆ ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ಪೆನೆಟ್ರೆಂಟ್ ಬಳಿದು, ಒರೆಸಿ, ಬಿಳಿ ಡೆವಲಪರ್ ಹಾಕಿ ನೋಡದೆ ಯಾವ ಆ್ಯಕ್ಸಲನ್ನೂ ಎಂಜಿನ್ನಿನ ಕೆಳಗೆ ತಳ್ಳಬೇಡಿ. ಬಿಳಿಯ ಮೇಲೆ ಕೆಂಪು ಗೆರೆ ಮೂಡಿದರೆ ಆ ಆ್ಯಕ್ಸಲಿನ ಆಯಸ್ಸು ಮುಗಿಯಿತು.

ಬೇರಿಂಗಿನ ಬೋರಿಗೆ 0.12ರಿಂದ 0.15 ಮಿ.ಮೀ. ಸಡಿಲ ಕೇಳಿದ್ದು, ಅಷ್ಟೇ ಕೊಟ್ಟರು. ಮೊದಲು ಮೇಸ್ತ್ರಿ ಒಪ್ಪಲಿಲ್ಲ, ಮೋಟಾರಿನ ಬುಷ್ಷಿನ ಲೆಕ್ಕದಲ್ಲಿ ಅದು ತೀರ ಜಾಸ್ತಿ ಎಂದರು. ಹಳಿ ಏರುಪೇರಾದಾಗ ಆ್ಯಕ್ಸಲ್ ಬಾಕ್ಸು ಓರೆಯಾಗುತ್ತದೆ, ಬಿಸಿಯಾದಾಗ ಎಣ್ಣೆಗೆ ಜಾಗ ಬೇಕು ಎಂದು ವಿವರಿಸಿದ ಮೇಲೆ ಒಪ್ಪಿದರು. ಬೇರಿಂಗಿನ ಎರಡೂ ಕೆಳ ಅಂಚನ್ನು ಕೆರೆದು ಬಿಡಿಸುವುದು ನಮ್ಮ ಕೆಲಸ. ಅಂಚು ಚೂಪಾಗಿದ್ದರೆ ಜರ್ನಲ್ ಮೇಲಿನ ಎಣ್ಣೆಯನ್ನು ಚಾಕುವಿನಂತೆ ಒರೆಸಿಬಿಡುತ್ತದೆ. ಅಲ್ಲಿಂದ ಮುಂದೆ ಬಿಸಿ, ಹೊಗೆ, ಕಚ್ಚಿಕೊಂಡ ಬೇರಿಂಗು.

ವೈಟ್ ಮೆಟಲ್ ತುಂಬುವ ಕೆಲಸ ನೋಡಲು ಒಂದು ಬೆಳಗ್ಗೆ ಪೂರ್ತಿ ಅಲ್ಲಿ ನಿಲ್ಲುವುದು ಸಾರ್ಥಕ. ಈ ಅಂಗಡಿಯ ಹಿರಿಯ ಮೇಸ್ತ್ರಿಗೆ ಕಲಾಯಿ ಕೆಲಸ ಗೊತ್ತು, ತಾಮ್ರದ ಹಂಡೆಗೆ ಹಾಕುವ ಅದೇ ಕಲಾಯಿ. ವೈಟ್ ಮೆಟಲ್ ಗನ್‌ಮೆಟಲ್ಲಿಗೆ ನೇರವಾಗಿ ಕಚ್ಚುವುದಿಲ್ಲ, ನಡುವೆ ತವರದ ಪದರ ಬೇಕು. ಹಳೇ ವೈಟ್ ಮೆಟಲ್ ಕರಗಿಸಿ ತೆಗೆದ ಸ್ಲಿಪ್ಪರನ್ನು ಮೊದಲು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಕುದಿಸಬೇಕು. ಎಷ್ಟೋ ವರ್ಷದ ಎಣ್ಣೆ ಲೋಹದ ಮೈಯಲ್ಲಿ ಇಳಿದಿರುತ್ತದೆ. ತೊಳೆದು, ಅರದಿಂದ ಕೆಂಪು ಲೋಹ ಕಾಣುವವರೆಗೆ ಉಜ್ಜಿ, ಬಿಸಿ ಮಾಡಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಎಳೆದರು. ಬಿಳಿ ಹೊಗೆ ಎದ್ದು, ಕಂದು ಮೈ ಮೇಲೆ ತವರ ಕನ್ನಡಿಯಂತೆ ಹರಡಿತು. ಮೂಲೆಯೊಂದರಲ್ಲಿ ಕಾಸಿನಗಲ ಹರಡದೆ ಉಳಿದಿತ್ತು. ಅದನ್ನು ಬಿಡಲಿಲ್ಲ, ಮತ್ತೆ ಉಜ್ಜಿ ಮತ್ತೆ ನವಸಾಗರ ಹಾಕಿ ಮುಗಿಸಿದರು. ಆ ಕಾಸಿನಗಲದ ಜಾಗವೇ ಮುಂದೆ ಸಡಿಲಾಗಿ ಪೂರ್ತಿ ಪದರವನ್ನು ಎಬ್ಬಿಸುವುದು.

ತವರ ಕರಗುವುದು 232 ಡಿಗ್ರಿಯಲ್ಲಿ. ಅದು ಮೈಮೇಲೆ ಇನ್ನೂ ದ್ರವವಾಗಿರುವಾಗಲೇ ವೈಟ್ ಮೆಟಲ್ ಬೀಳಬೇಕು, ತಣಿಯಲು ಬಿಟ್ಟರೆ ಕಲಾಯಿ ಹಾಕಿಯೂ ಪ್ರಯೋಜನವಿಲ್ಲ. ವೈಟ್ ಮೆಟಲ್ಲಿನ ಬಿಸಿ ತಿಳಿಯಲು ಒಣ ಮರದ ಕಡ್ಡಿ ಅದ್ದಿ ತೆಗೆದರು. ಕಡ್ಡಿ ಕಂದಾಗಿ ಕಮರಿದರೆ ಹದ. ಬೆಂಕಿ ಹತ್ತಿದರೆ ವಿಪರೀತ ಕಾದಿದೆ, ತವರ ಸುಟ್ಟು ಹೋಗುತ್ತದೆ. ಏನೂ ಆಗದಿದ್ದರೆ ಕಡಿಮೆ. ಹೊಯ್ಯುವ ಜಿಗ್ಗು (ಸ್ಲಿಪ್ಪರನ್ನು ಹಿಡಿದಿಡುವ ಅಚ್ಚು) ಬೆಚ್ಚಗಿರಬೇಕು, ಒಂದು ಹನಿ ನೀರಿದ್ದರೂ ಲೋಹ ಸಿಡಿದು ಮುಖಕ್ಕೆ ಹಾರುತ್ತದೆ. ಕನ್ನಡಕ, ಉದ್ದ ತೋಳು, ಬೂಟು ಇಲ್ಲದೆ ಹತ್ತಿರ ನಿಲ್ಲಬೇಡಿ, ಅಲ್ಲಿ ಯಾರೂ ಹೇಳುವುದಿಲ್ಲ. ಹೊಯ್ದ ಮೇಲೆ ಸ್ಲಿಪ್ಪರಿನ ಬೆನ್ನಿಗೆ ಒದ್ದೆ ಬಟ್ಟೆ ಹಿಡಿದು ಆ ಕಡೆಯಿಂದ ತಣಿಸಿದರು. ಇದರಿಂದ ಕುಗ್ಗುವ ಲೋಹ ಕಲಾಯಿಯ ಕಡೆಗೆ ಸೆಳೆದುಕೊಳ್ಳುತ್ತದೆ, ಬಿಟ್ಟು ಬರುವುದಿಲ್ಲ. ತಣಿದ ಮೇಲೆ ದಾರದಲ್ಲಿ ತೂಗಿಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಕಚ್ಚಿದ್ದರೆ ಗಂಟೆಯಂತೆ ಟಣ್ ಅನ್ನುತ್ತದೆ, ಬಿಟ್ಟಿದ್ದರೆ ಬಿರುಕುಬಿಟ್ಟ ಮಡಕೆಯ ಸದ್ದು. ಸಂಶಯವಿದ್ದರೆ ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಸಿ, ಒರೆಸಿ, ಅಂಚಿಗೆ ಸೀಮೆಸುಣ್ಣ ಬಳಿಯಿರಿ. ಒಳಗೆ ಸಂದಿ ಇದ್ದರೆ ಸುಣ್ಣದ ಮೇಲೆ ಎಣ್ಣೆಯ ಗೆರೆ ಒಸರುತ್ತದೆ. ನಾಲ್ಕು ಸ್ಲಿಪ್ಪರೂ ಟಣ್ ಅಂದವು. ಈ ಒಂದು ಕೆಲಸಕ್ಕೆ ಐದಕ್ಕೆ ಐದು.

ಸ್ಲೈಡ್ ವಾಲ್ವಿನ ಮುಖ ಕೆರೆಯುವುದೂ ಅದೇ ಕೈಯದು. ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ಸರ್ಫೇಸ್ ಪ್ಲೇಟಿನ, ಅಂದರೆ ನಿಖರವಾಗಿ ಸಮತಟ್ಟಾದ ಹಲಗೆಯ ಮೇಲೆ ತೆಳುವಾಗಿ, ಬಹಳ ತೆಳುವಾಗಿ ಬಳಿದು ಉಜ್ಜಿ, ನೀಲಿ ಹತ್ತಿದ ಎತ್ತರಗಳನ್ನು ಸ್ಕ್ರೇಪರಿನಿಂದ ಕೆರೆಯುತ್ತ, ಪ್ರತಿ ಸಲ ದಿಕ್ಕು ಬದಲಿಸುತ್ತ ಹೋಗಬೇಕು. ಬಣ್ಣ ದಪ್ಪವಾದರೆ ತಗ್ಗಿಗೂ ನೀಲಿ ಹತ್ತಿ ಸುಳ್ಳು ಹೇಳುತ್ತದೆ. ಒಂದು ಚದರ ಇಂಚಿಗೆ ಎಂಟು ಹತ್ತು ಚುಕ್ಕೆ ಬಂದರೆ ಸಾಕು. ಮುಖ ಸಮ ಇಲ್ಲದಿದ್ದರೆ ಹಬೆ ಕೆಲಸ ಮಾಡದೆ ನೇರ ಚಿಮಣಿಗೆ ಹೋಗುತ್ತದೆ. ಬ್ರೇಕ್ ಹಾಕಿ, ಬಾಯ್ಲರಿನಿಂದ ಹಬೆ ಬಿಡುವ ರೆಗ್ಯುಲೇಟರ್ ಸ್ವಲ್ಪ ತೆರೆದಾಗ ಚಿಮಣಿಯಲ್ಲಿ ಬಿಡದೆ ಸುಯ್ ಎನ್ನುವುದು ಅದೇ. ಸರ್ಫೇಸ್ ಗ್ರೈಂಡಿಂಗ್ ಮಾಡಿಕೊಡುತ್ತೇವೆ ಎಂದೂ ಅಂಗಡಿಯವರು ಹೇಳುತ್ತಾರೆ. ವಾಲ್ವಿಗೆ ಸರಿ, ಆದರೆ ಸಿಲಿಂಡರಿನ ಕಡೆಯ, ಹಬೆಯ ಬಾಯಿಗಳಿರುವ ಪೋರ್ಟ್ ಮುಖ ಯಂತ್ರಕ್ಕೆ ಎಟುಕುವುದಿಲ್ಲ, ಅಲ್ಲಿ ಕೈಯೇ ಗತಿ.

ಪಿಸ್ಟನ್ ರಿಂಗಿನ ಬಗ್ಗೆ ಹೇಳಲು ಹೆಚ್ಚಿಲ್ಲ. ಬೀಡಿನ ಕೊಳವೆಯಿಂದ ಕತ್ತರಿಸಿ ಕೊಟ್ಟರು, ಚೆನ್ನಾಗಿದೆ. ಬಾಯಿಯ ಸಂದು 178 ಮಿ.ಮೀ. ಬೋರಿಗೆ 0.6 ಮಿ.ಮೀ. ಇರಬೇಕು, ಸಿಲಿಂಡರಿನ ಅತಿ ಕಡಿಮೆ ಸವೆದ ಜಾಗದಲ್ಲಿ ಇಟ್ಟು ಫೀಲರ್ ಗೇಜಿನಿಂದ ನೋಡಬೇಕು. 10 ಬಾರ್ ಒತ್ತಡದ ಹಬೆ 184 ಡಿಗ್ರಿ ಬಿಸಿ ಇರುತ್ತದೆ. ಸಂದು ಸಾಲದಿದ್ದರೆ ರಿಂಗು ಹಿಗ್ಗಿ ತುದಿಗೆ ತುದಿ ತಾಗಿ ಸಿಲಿಂಡರನ್ನು ಗೀರುತ್ತದೆ.

ಸ್ಟಡ್ಡುಗಳ ಕಥೆ ಬೇಸರದ್ದು. ಹಳೇ ಬ್ರಿಟಿಷ್ ಎಂಜಿನ್ನಿನ ತಿರುಪೆಲ್ಲ ವಿಟ್‌ವರ್ತ್ ಎಂಬ ಬ್ರಿಟಿಷ್ ಅಳತೆಯದು, ಹಲ್ಲಿನ ಕೋನ 55 ಡಿಗ್ರಿ. ಅಂಗಡಿಯಲ್ಲಿದ್ದದ್ದು ಮೆಟ್ರಿಕ್ ಮತ್ತು ಯುಎನ್‌ಸಿ ಎಂಬ ಅಮೆರಿಕದ ಅಳತೆ, ಎರಡೂ 60 ಡಿಗ್ರಿ. ಅರ್ಧ ಇಂಚಿನ ವಿಟ್‌ವರ್ತಿಗೆ ಇಂಚಿಗೆ 12 ಹಲ್ಲು, ಯುಎನ್‌ಸಿಗೆ 13. ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. "ಸ್ವಲ್ಪ ಟೈಟಿದೆ, ಹೊಸದಲ್ವಾ" ಎಂದು ಪೈಪು ಹಾಕಿ ತಿರುಗಿಸಿದರೆ ಸಿಲಿಂಡರಿನ ಬೀಡಿನ ಹಲ್ಲೇ ಕಿತ್ತು ಬರುತ್ತದೆ. ಮೂವತ್ತು ಸ್ಟಡ್ಡು ವಾಪಸು ಕೊಡಬೇಕಾಯಿತು, ತಕರಾರಿಲ್ಲದೆ ತೆಗೆದುಕೊಂಡರು, ಆ ಮರ್ಯಾದೆ ಅವರಿಗೆ ಸಲ್ಲಬೇಕು. ವಿಟ್‌ವರ್ತ್ ಡೈ, ಟ್ಯಾಪು, ಹಲ್ಲಿನ ಗೇಜು ಮೂರನ್ನೂ ನೀವೇ ಒಯ್ಯಿರಿ. ಕಾಲು ಇಂಚಿನದು ಇನ್ನೂ ಮೋಸದ್ದು: ಎರಡಕ್ಕೂ ಇಂಚಿಗೆ 20 ಹಲ್ಲು, ಕೋನ ಮಾತ್ರ ಬೇರೆ, ಪೂರ್ತಿ ಒಳಗೆ ಹೋಗಿ ಕೂರುತ್ತದೆ, ಹಿಡಿತ ಮಾತ್ರ ಅರೆಬರೆ.

ಟೈರು ತಿರುವಲು ಈ ಅಂಗಡಿ ಹೊಂದಿಕೆಯಲ್ಲ. ಅವರ ದೊಡ್ಡ ಲೇತಿನಲ್ಲಿ ಗ್ಯಾಪ್ (ಬೆಡ್ಡಿನ ಬಿಚ್ಚುವ ತುಂಡು) ತೆಗೆದರೆ 610 ಮಿ.ಮೀ. ಗಾಲಿ ಏನೋ ತಿರುಗುತ್ತದೆ. ಆದರೆ ಟೂಲನ್ನು ತುಂಬ ಹೊರಗೆ ಚಾಚಬೇಕಾಗಿ ಅದು ನಡುಗುತ್ತದೆ, ಫ್ಲೇಂಜಿನ, ಅಂದರೆ ಗಾಲಿಯನ್ನು ಹಳಿಯ ಮೇಲೆ ಉಳಿಸುವ ಅಂಚಿನ ಬುಡದಲ್ಲಿ ಅಲೆಅಲೆ ಗುರುತು ಬೀಳುತ್ತದೆ. ಸವೆದ ಟೈರಿನ ಮೇಲ್ಮೈ ಬಡಿತಕ್ಕೆ ಗಟ್ಟಿಯಾಗಿರುತ್ತದೆ, ಬ್ರೇಕಿನಲ್ಲಿ ಜಾರಿದ ಜಾಗವಂತೂ ಗಾಜಿನಂತೆ. ತೆಳುವಾಗಿ ಕೆರೆಯಲು ಹೋದರೆ ಟೂಲಿನ ಮೊನೆ ಹೋಗುತ್ತದೆ, ಗಟ್ಟಿ ಚರ್ಮದ ಕೆಳಗೆ ಕಾರ್ಬೈಡ್ ಇಳಿಸಿ ಒಮ್ಮೆಲೇ ತೆಗೆಯಬೇಕು. ಅದಕ್ಕೆ ಬೇಕಾದ ಗಟ್ಟಿತನ ಈ ಲೇತಿಗಿಲ್ಲ. ಒಂದು ಜೋಡಿ ಮಾಡಿಸಿದ ಮೇಲೆ ನಿಲ್ಲಿಸಿ, ಉಳಿದದ್ದನ್ನು ದೊಡ್ಡ ಲೇತ್ ಇರುವ ಕಡೆಗೆ ಕೊಡುವುದು ಲೇಸು. ಒಂದೇ ಆ್ಯಕ್ಸಲ್‌ನ ಎರಡು ಗಾಲಿಯ ವ್ಯಾಸ ಕಾಲು ಮಿಲಿಮೀಟರಿಗಿಂತ ಹೆಚ್ಚು ಬೇರೆಯಾಗಬಾರದು. ಬೇರೆಯಾದರೆ ಎಂಜಿನ್ನು ಸದಾ ಒಂದು ಕಡೆಗೆ ಎಳೆದು ಒಂದೇ ಫ್ಲೇಂಜನ್ನು ತಿನ್ನುತ್ತದೆ.

ಬಾಯ್ಲರ್ ಕೆಲಸವನ್ನು ಇಲ್ಲಿ ಕೊಡಲೇಬೇಡಿ. ಪ್ಲೇಟಿಗೆ ಒಂದು ತೇಪೆ, ಒಂದು ಸ್ಟೇ (ಪ್ಲೇಟುಗಳನ್ನು ಹಿಡಿದಿಡುವ ಸರಳು), ಒಂದು ಟ್ಯೂಬು ಕೂಡ. ಅವರು ಒಳ್ಳೆಯ ವೆಲ್ಡರುಗಳೇ, ಟ್ರೇಲರಿನ ಚಾಸಿಗೆ ಬೆಸೆದದ್ದು ಚಾಸಿ ಮುರಿದರೂ ಬಿಡುವುದಿಲ್ಲ. ಆದರೆ ಬಾಯ್ಲರ್ ಬೆಸೆಯಲು ಅದಕ್ಕೆಂದೇ ಪರೀಕ್ಷೆಯಾಗಿ ಸರ್ಟಿಫಿಕೇಟ್ ಪಡೆದ ವೆಲ್ಡರ್ ಬೇಕು, ಮೂಲ ಸಮೇತ ಗೊತ್ತಿರುವ ಪ್ಲೇಟು ಬೇಕು, ಕೆಲಸ ಶುರುವಾಗುವ ಮೊದಲೇ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಒಪ್ಪಿಗೆ ಬೇಕು. ಮುಗಿದ ಮೇಲೆ ನೀರಿನ ಒತ್ತಡದ ಪರೀಕ್ಷೆ, ಆಮೇಲೆ ಹಬೆಯ ಪರೀಕ್ಷೆ. ಹಳೇ ಬಾಯ್ಲರಿನ ಮೇಲಿನ ತಗಡು ತೆಗೆದಾಗ ಕೆಳಗೆ ಬಿಳಿ ಹೊದಿಕೆ ಕಂಡರೆ ಕೈ ಹಾಕದೆ ನಿಲ್ಲಿಸಿ. ಅದು ಆಸ್ಬೆಸ್ಟಾಸ್ ಇರಬಹುದು. ಅದರ ದೂಳು ಪುಪ್ಪಸಕ್ಕಿಳಿದರೆ ವಾಪಸು ಬರುವುದಿಲ್ಲ. ಬಲ್ಲವರನ್ನು ಕರೆಸಿಯೇ ತೆಗೆಸಬೇಕು.

ಬಿಲ್ಲಿನ ವಿಷಯ: ಲೇತ್ ಕೆಲಸಕ್ಕೆ ಗಂಟೆಯ ಲೆಕ್ಕ, ಎರಕಕ್ಕೆ ಕಿಲೋ ಲೆಕ್ಕ. ಲೋಹ ನಮ್ಮದಾದರೆ ಕರಗಿಸುವ ಕೂಲಿ ಮಾತ್ರ, ಅದನ್ನು ಮುಂಚೆಯೇ ಮಾತಾಡಿಕೊಳ್ಳಿ. ರೈಸರು, ದಾರಿ ಎಲ್ಲ ಕತ್ತರಿಸಿ ಉಳಿದ ಗನ್‌ಮೆಟಲ್ ತುಂಡುಗಳು ನಿಮ್ಮವು, ಕೇಳಿ ತೂಗಿಸಿ ವಾಪಸು ತನ್ನಿ. ಕೇಳದಿದ್ದರೆ ಅವು ಯಾರದೋ ಪಂಪಿನ ಬುಷ್ಷಾಗುತ್ತವೆ. ಹಳೇ ಪಾರ್ಟುಗಳನ್ನೂ ಬಿಟ್ಟು ಬರಬೇಡಿ, ಗುಜರಿ ಅಂಗಡಿ ನಾಲ್ಕು ಹೆಜ್ಜೆಯಲ್ಲಿದೆ. ಕೊಡುವ ಮುನ್ನ ಪ್ರತಿ ಭಾಗಕ್ಕೂ ಎಡ ಬಲ, ಮುಂದೆ ಹಿಂದೆ ಎಂದು ಪಂಚಿನಿಂದ ಗುರುತು ಹೊಡೆಯಿರಿ, ಸವೆಯದ ಮೈಯ ಮೇಲೆ. ಚಾಕ್‌ಪೀಸಿನ ಗುರುತು ಅಲ್ಲಿಯ ಸೀಮೆಎಣ್ಣೆಗೆ ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಮುಗಿದ ಆ್ಯಕ್ಸಲ್ ತರುವಾಗ ಜರ್ನಲ್ ಮೇಲೆ ದಪ್ಪಗೆ ಗ್ರೀಸು ಬಳಿದು, ಮೇಣದ ಕಾಗದ ಸುತ್ತಿ, ಅದರ ಮೇಲೆ ಗೋಣಿಚೀಲ ಕಟ್ಟಿ. ಬರಿ ಗೋಣಿ ಸುತ್ತಿದರೆ ಮಳೆಗಾಲದ ಒಂದು ರಾತ್ರಿಗೆ ಗೋಣಿಯ ನೇಯ್ಗೆಯೇ ತುಕ್ಕಾಗಿ ಅಚ್ಚೊತ್ತುತ್ತದೆ. ಟೆಂಪೋಗೆ ಏರಿಸುವಾಗ ಹಮಾಲರು ಹಗ್ಗವನ್ನು ಕೈಗೆ ಸುಲಭ ಸಿಗುವ ಜರ್ನಲಿಗೇ ಬಿಗಿಯುತ್ತಾರೆ. ಹಗ್ಗ ಆ್ಯಕ್ಸಲ್‌ನ ನಡುವಿಗೆ, ಎರಡು ಗಾಲಿಗಳ ಮಧ್ಯೆ ಬೀಳಲಿ, ಟೆಂಪೋದ ತಗಡಿಗೂ ಗಾಲಿಗೂ ನಡುವೆ ಒಂದು ಹಲಗೆ ಇರಲಿ.